ಐವತ್ತು ಅಂಕ ಹಾಕೋ ಹಾಗಿಲ್ಲ: ಸೋಲುತ್ತಿದ್ದ ಬೇಸ್‌ಬಾಲ್ ತಂಡದಲ್ಲಿ ನನ್ನ ಅನುಭವ

ಸೋಲುತ್ತಿದ್ದ ತಂಡಕ್ಕೆ ಹುಡುಗರನ್ನ ಆರಿಸೋ ರೀತಿ ಬದಲಿಸಿದ ಕಥೆ ಇದು, ಎರಡು ವರ್ಷ ಮೊದಲೇ ಬರೆಯಬಹುದಿತ್ತು. ಆಗ ಬರೆದಿದ್ದರೆ ಅದೃಷ್ಟ ಅಂದುಬಿಡುತ್ತಿದ್ದರು. ಈಗ ಸತತ ಎರಡು ಸೀಸನ್ ಪ್ಲೇಆಫ್ ಆಡಿದ್ದೇವೆ, ಐದು ಹುಡುಗರು ನಮ್ಮಿಂದ ಇಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನ ಕ್ಲಬ್‌ಗಳ ಕಡೆಗೆ ಹೋಗಿದ್ದಾರೆ. ಈಗ ಧೈರ್ಯವಾಗಿ ಹೇಳಬಹುದು.

ನಮ್ಮದು ಅಮೆರಿಕದ ಮಿಡ್‌ವೆಸ್ಟ್‌ನ ಸಣ್ಣ ಊರಿನ ಇಂಡಿಪೆಂಡೆಂಟ್ ಲೀಗ್ ತಂಡ. ಯಾವ ದೊಡ್ಡ ಕ್ಲಬ್ಬಿನ ಆಸರೆಯೂ ಇಲ್ಲ. ಡ್ರಾಫ್ಟ್‌ನಲ್ಲಿ (ಮೇಜರ್ ಲೀಗ್ ಕ್ಲಬ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು) ಯಾರೂ ಕರೆಯದವರು, ಕರೆದು ಕೈಬಿಟ್ಟವರು, ಇವರೇ ನಮ್ಮ ಆಟಗಾರರು. ನಾನು ದಾವಣಗೆರೆಯವನು, ಇಲ್ಲಿಗೆ ಬಂದಿದ್ದು ಸ್ಟ್ಯಾಟಿಸ್ಟಿಕ್ಸ್ ಓದೋಕೆ. ಕಾಲೇಜ್ ತಂಡವೊಂದಕ್ಕೆ ಸಂಬಳ ಇಲ್ಲದೆ ಎಸೆದ ಒಂದೊಂದು ಚೆಂಡಿನ ಲೆಕ್ಕ ಬರೆದುಕೊಡ್ತಾ ಬರ್ತಾ ಆಟಗಾರರನ್ನ ಹುಡುಕಿ ಆರಿಸೋ ಈ ಕೆಲಸಕ್ಕೆ ಅಂಟಿಕೊಂಡೆ. 2021ರ ಚಳಿಗಾಲದಲ್ಲಿ ಸೇರಿದಾಗ ತಂಡ ಹಿಂದಿನ ಸೀಸನ್‌ನಲ್ಲಿ ತೊಂಬತ್ತು ಚಿಲ್ಲರೆ ಪಂದ್ಯದಲ್ಲಿ ಮೂವತ್ತಮೂರೋ ಮೂವತ್ತನಾಲ್ಕೋ ಗೆದ್ದಿತ್ತು.

ಆ ವರ್ಷವೇ ಮೇಜರ್ ಲೀಗ್‌ನವರು ಹೊಸಬರನ್ನ ಪಳಗಿಸೋ ತಮ್ಮ ಅಂಗತಂಡಗಳನ್ನ 160ರಿಂದ 120ಕ್ಕೆ ಇಳಿಸಿದ್ದರು. ಮೊದಲು 40 ಸುತ್ತು ನಡೆಯುತ್ತಿದ್ದ ಡ್ರಾಫ್ಟ್ 20ಕ್ಕೆ ಬಂದಿತ್ತು. ಅಂದರೆ ಒಳ್ಳೊಳ್ಳೆ ಹುಡುಗರು ನೂರಾರು ಜನ ಖಾಲಿ ಕೂತಿದ್ದರು. ಕೆರೆ ತುಂಬಿ ಕೋಡಿ ಬಿದ್ದಿತ್ತು, ತೂತಿದ್ದದ್ದು ನಮ್ಮ ಬಲೆಯಲ್ಲಿ.

ಊರೂರು ಸುತ್ತಿ ಆಟಗಾರರನ್ನ ನೋಡಿ ಬರೋ ಸ್ಕೌಟ್‌ಗಳು ಮೂವರು, ಮೂವರೂ ಅರೆಕಾಲಿಕ. ಒಬ್ಬೊಬ್ಬರಿಗೆ ಮೂರ್ನಾಲ್ಕು ರಾಜ್ಯ ಹಂಚಿಕೊಟ್ಟಿತ್ತು. ಕಾರಲ್ಲಿ ಹೋಗೋದು, ನೋಡೋದು, ಮ್ಯಾನೇಜರ್‌ಗೆ (ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್‌ಗೆ ಹೀಗನ್ನೋದು) ಫೋನ್ ಮಾಡೋದು. ಬರಹದಲ್ಲಿ ಏನೂ ಇರಲಿಲ್ಲ. ಆಟಗಾರರಿಂದ ಸಹಿ ಹಾಕಿಸೋ ಅಧಿಕಾರ ಮ್ಯಾನೇಜರ್‌ಗೂ ಇತ್ತು, ಟಿಕೆಟ್ ಮಾರೋ ಜನರಲ್ ಮ್ಯಾನೇಜರ್‌ಗೂ ಇತ್ತು, ಮನಸ್ಸು ಬಂದಾಗ ಮಾಲೀಕರಿಗೂ ಇತ್ತು. ಒಂದು ವಾರ ನಮ್ಮಲ್ಲಿ ಒಬ್ಬನೇ ನಿಲ್ಲೋ ಫೀಲ್ಡಿಂಗ್ ಜಾಗಕ್ಕೆ ನಾಲ್ಕು ಜನ ಶಾರ್ಟ್‌ಸ್ಟಾಪ್‌ಗಳಿದ್ದರಂತೆ, ಪಂದ್ಯದ ನಡುವೆ ಬಂದು ಎಸೆಯೋ ಎಡಗೈ ರಿಲೀವರ್ ಒಬ್ಬನೂ ಇರಲಿಲ್ಲವಂತೆ. ಸ್ಕೌಟಿಂಗ್ ಖರ್ಚು ವರ್ಷಕ್ಕೆ 30 ಸಾವಿರ ಡಾಲರ್ ದಾಟುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಪೆಟ್ರೋಲ್, ಮೋಟೆಲ್.

ನನ್ನ ಮೊದಲ ವರ್ಷ ಪೂರ್ತಿ ತಪ್ಪು. ಸ್ಕೌಟ್‌ಗಳನ್ನ ಬದಿಗಿಟ್ಟು ಕಾಲೇಜ್ ಅಂಕಿಅಂಶದ ಮೇಲೆ ಹುಡುಗರನ್ನ ಆರಿಸಿದೆ. ನ್ಯೂ ಮೆಕ್ಸಿಕೋ ಕಡೆಯ ಡಿವಿಷನ್ 2 (ಎರಡನೇ ದರ್ಜೆ) ಕಾಲೇಜಿನ ಒಬ್ಬ ಬ್ಯಾಟರ್, ಸರಾಸರಿ ನಾನೂರರ ಹತ್ತಿರ, ಅಂದರೆ ಹತ್ತು ಸಲದಲ್ಲಿ ನಾಲ್ಕು ಸಲ ಹಿಟ್, ಗೋಡೆ ದಾಟಿಸಿದ ಹೋಮ್‌ರನ್ ಹದಿನೆಂಟೋ ಹತ್ತೊಂಬತ್ತೋ. ಅಲ್ಲಿ ಎತ್ತರದ ಜಾಗ, ತೆಳು ಗಾಳಿ, ಚೆಂಡು ಹಾರುತ್ತೆ ಅಂತ ಗೊತ್ತಿದ್ದೇ ಸ್ವಲ್ಪ ಕಡಿಮೆ ಹಿಡಿದಿದ್ದೆ. ಅದು ಏನೇನೂ ಸಾಲಲಿಲ್ಲ. ನಮ್ಮ ಮೈದಾನದಲ್ಲಿ ಅವನ ಅದೇ ಹೊಡೆತಗಳು ಗೋಡೆಗೆ ಹತ್ತು ಅಡಿ ಮೊದಲೇ ಇಳಿದವು. ಜುಲೈನಲ್ಲಿ ಕಳಿಸಬೇಕಾಯಿತು. ಸೀಸನ್‌ಗೆ ಅವನನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ಹೋಸ್ಟ್ ಕುಟುಂಬದ ಮನೆಗೆ ನಾನೇ ಹೋಗಿ ಹೇಳಿದೆ. ಬ್ಯಾಟ್ ಬ್ಯಾಗಿನ ಜಿಪ್ ಎಳೆಯುತ್ತಾ ಅವನು ಕೇಳಿದ್ದು ಒಂದೇ ಮಾತು: "ನೀವು ಯಾರಾದರೂ ನನ್ನ ಆಟ ನೋಡಿದ್ರಾ?" ಯಾರೂ ನೋಡಿರಲಿಲ್ಲ. ಆ ವರ್ಷವೂ ಗೆಲುವು ನಲವತ್ತು ದಾಟಲಿಲ್ಲ. ಹೀಗೆ ತಂದು ಕಳಿಸಿದವರ ವಿಮಾನ, ಸಂಬಳ ಎಲ್ಲಾ ಸೇರಿ ಎಂಟೊಂಬತ್ತು ಸಾವಿರ ಡಾಲರ್ ನೀರಿಗೆ ಹೋಯಿತು. ಮಾಲೀಕರು ಕಂಪ್ಯೂಟರ್ ಆಟ ಸಾಕು ಅಂದರು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು.

ದಾರಿ ಸಿಕ್ಕಿದ್ದು ಹಿರಿಯ ಸ್ಕೌಟ್‌ನ ಗ್ಯಾರೇಜಿನಲ್ಲಿ. ಎಪ್ಪತ್ತು ದಾಟಿದ ಮನುಷ್ಯ. ಶೂ ಡಬ್ಬಿಯೊಂದರಲ್ಲಿ ಆರು ವರ್ಷದ ಜೇಬುಪುಸ್ತಕಗಳನ್ನ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. ಕಾಫಿ ಕಲೆ, ಪೆನ್ಸಿಲ್ ಬರಹ. "ಮೊಣಕೈ ತಡ", "ಮುಂಗಾಲು ಮೆತ್ತಗೆ", ಪಕ್ಕದಲ್ಲಿ ಒಂದು ಅಂಕ. ಯಾರೂ ಅದನ್ನ ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಆ ಚಳಿಗಾಲ ನೂರಾನಲವತ್ತು ಹೆಸರುಗಳನ್ನ ಕೂತು ಟೈಪ್ ಮಾಡಿ, ಅವರೆಲ್ಲ ಮುಂದೆ ಏನಾದರು ಅಂತ ಹುಡುಕಿದೆ. ಅವನು ಮೆಚ್ಚಿದ ಪಿಚರ್‌ಗಳಲ್ಲಿ (ಬ್ಯಾಟರ್‌ಗೆ ಚೆಂಡು ಎಸೆಯೋರು) ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಕೆಲಸಕ್ಕೆ ಬಂದವರು. ಬ್ಯಾಟರ್‌ಗಳ ವಿಷಯದಲ್ಲಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಎರಡನೇ ಸ್ಕೌಟ್‌ನದು ಪೂರಾ ಉಲ್ಟಾ. ಮೂರನೆಯವನ ಅಂಕಗಳು ಯಾವುದಕ್ಕೂ ಬರಲ್ಲ, ಆದರೆ ಯಾವ ಕೋಚ್‌ಗೆ ಯಾರ ಮೇಲೆ ಸಿಟ್ಟು, ಯಾವ ಹುಡುಗ ಯಾಕೆ ಬೆಂಚಲ್ಲಿ ಕೂತಿದ್ದಾನೆ, ಎಲ್ಲಾ ಅವನಿಗೆ ಒಂದು ಫೋನಲ್ಲಿ ಗೊತ್ತಾಗುತ್ತೆ.

ರಾಜ್ಯ ಹಂಚಿಕೆ ಅವತ್ತೇ ತೆಗೆದುಹಾಕಿದೆ. ಹಿರಿಯರು ಎಲ್ಲಿದ್ದರೂ ಪಿಚರ್ ಮಾತ್ರ ನೋಡೋದು. ಎರಡನೆಯವನು ಬ್ಯಾಟರ್. ಮೂರನೆಯವನು ಮನೆ ಬಿಟ್ಟು ಹೊರಡೋದೇ ಬೇಡ, ಫೋನ್ ಮಾಡಿದರೆ ಸಾಕು. ಪ್ರಯಾಣದ ಖರ್ಚು ಅರ್ಧದಷ್ಟು ಇಳಿಯಿತು.

ಇನ್ನೊಂದು ನಿಯಮಕ್ಕೆ ಎಲ್ಲರೂ ನಕ್ಕರು. ಸ್ಕೌಟಿಂಗ್ ಅಂಕ 20ರಿಂದ 80ರವರೆಗೆ, ನಡುವಿನದು 50. ಅನುಮಾನ ಬಂದಾಗ ಎಲ್ಲರೂ 50 ಬರೆದು ಕೈ ತೊಳೆದುಕೊಳ್ಳುತ್ತಾರೆ. ನಾನು 50 ಹಾಕೋ ಹಾಗೇ ಇಲ್ಲ ಅಂದೆ. 45 ಅಥವಾ 55, ಯಾವುದಾದರೂ ಒಂದು ಕಡೆ ನಿಲ್ಲಲೇಬೇಕು. ಜೊತೆಗೆ, ಅಂಕ ಕಳಿಸೋವರೆಗೆ ಒಬ್ಬರಿಗೊಬ್ಬರು ಫೋನ್ ಮಾಡೋ ಹಾಗಿಲ್ಲ. ಇದು ನಾನು ಊರಲ್ಲಿ ಕಲಿತ ಪಾಠ. ಹದಿನಾರನೇ ವಯಸ್ಸಿನಲ್ಲಿ ಒಂದು ಕ್ರಿಕೆಟ್ ಟ್ರಯಲ್ಸ್‌ಗೆ ಹೋಗಿದ್ದೆ. ಮರದ ಕೆಳಗೆ ಕೂತ ನಾಲ್ಕು ಜನ ಆಯ್ಕೆಗಾರರು ಟೀ ಬರೋ ಹೊತ್ತಿಗೆ ಮಾತಾಡಿ ಮಾತಾಡಿ ನಾಲ್ವರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು. ಮೊದಲು ಬಾಯಿ ಬಿಟ್ಟವರದೇ ಅಭಿಪ್ರಾಯ ಅದು. ಇಪ್ಪತ್ತು ವರ್ಷವಾದರೂ ನನಗೆ ಮರೆತಿಲ್ಲ.

ನಮ್ಮ ಫಾರಂನಲ್ಲಿ ಏಳು ಕಾಲಂ ಇವೆ. ಆರು ಎಲ್ಲರಿಗೂ ಗೊತ್ತಿರೋವೇ. ಏಳನೆಯದನ್ನ ಇಲ್ಲಿ ಬರೆಯಲ್ಲ, ಅದರಿಂದಲೇ ಇನ್ನೂ ಒಂದೆರಡು ಸೀಸನ್ ಊಟ ಮಾಡಬೇಕು.

ಚೆಂಡಿನ ವೇಗ ಅಳೆಯೋ ರೇಡಾರ್ ಗನ್ ವಿಷಯ ಹೇಳಲೇಬೇಕು. ನಾವು "ಗಂಟೆಗೆ 87 ಮೈಲಿ, ಬೇಡ" ಅಂತ ಬಿಟ್ಟ ಒಬ್ಬ ಪಿಚರ್ ಎದುರಾಳಿ ತಂಡಕ್ಕೆ ಸೇರಿ ನಮಗೇ 92ರಲ್ಲಿ ಎಸೆದ. ಹಳೇ ಟಿಪ್ಪಣಿ ತೆಗೆದರೆ ಅದನ್ನ ಅಳೆದದ್ದು ಮೂರನೇ ಬೇಸ್ ಕಡೆಯ ನೆರಳಲ್ಲಿ ಕೂತು. ಚೆಂಡಿನ ದಾರಿಗೆ ಇಪ್ಪತ್ತು ಡಿಗ್ರಿ ಓರೆಯಾಗಿ ಹಿಡಿದರೆ ಗನ್ ಐದಾರು ಮೈಲಿ ನುಂಗುತ್ತೆ. ಎಷ್ಟು ವರ್ಷ ಎಷ್ಟು ಜನರನ್ನ ಹೀಗೆ ಬಿಟ್ಟಿದ್ದೆವೋ. ಈಗ ಬ್ಯಾಟರ್ ನಿಲ್ಲೋ ಹೋಮ್‌ಪ್ಲೇಟ್ ಹಿಂದೆಯೇ ನಿಲ್ಲೋದು, ಬಿಸಿಲಿರಲಿ ಮಳೆಯಿರಲಿ. ದಿನದ ಮೊದಲ ಚೆಂಡಿಗೆ ಮುಂಚೆ ಟ್ಯೂನಿಂಗ್ ಫೋರ್ಕ್ (ಬಡಿದರೆ ಒಂದೇ ಲೆಕ್ಕದಲ್ಲಿ ನಡುಗೋ ಲೋಹದ ಕವೆ) ಬಡಿದು ಗನ್ ಸರಿಯಿದೆಯಾ ಅಂತ ನೋಡೋದು. ಖರ್ಚು ಸೊನ್ನೆ.

ಕಚೇರಿಯಲ್ಲಿ ಜಗಳ ಜಾಸ್ತಿ ಆಗಿದ್ದು ಸಹಿಯ ಬಗ್ಗೆ. ಸಹಿ ಒಬ್ಬರದೇ ಇರಬೇಕು ಅಂತ ಹಟ ಹಿಡಿದೆ. ಮ್ಯಾನೇಜರ್ ಎರಡು ವಾರ ಮಾತು ಬಿಟ್ಟರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ವರ್ಷಕ್ಕೆ ಎರಡು ಹೆಸರನ್ನ ಅವರು ಕಾರಣ ಕೊಡದೆ ಬೇಡ ಅನ್ನಬಹುದು. ಮೊದಲ ವರ್ಷ ಎರಡನ್ನೂ ಮೇ ತಿಂಗಳಲ್ಲೇ ಖರ್ಚು ಮಾಡಿದರು. ಕಳೆದ ವರ್ಷ ಒಂದನ್ನೂ ಬಳಸಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. 2008ರಲ್ಲಿ ಭಾರತದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ), ದಿನೇಶ್ ಪಟೇಲ್ ಮೇಜರ್ ಲೀಗ್‌ನ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದು ನೆನಪಿತ್ತು. ಇಲ್ಲಿ ವಾರಾಂತ್ಯದ ಕ್ರಿಕೆಟ್ ಆಡೋ ನಮ್ಮ ಹುಡುಗರು ಬೇಕಾದಷ್ಟಿದ್ದಾರೆ, ಫಾಸ್ಟ್ ಬೌಲರ್‌ಗಳನ್ನ ಕರೆದು ಎಸೆಸಿದೆ. ಒಬ್ಬನೂ 70 ಮೈಲಿ ಮುಟ್ಟಲಿಲ್ಲ. ಮೊಣಕೈ ಮಡಿಸದೇ ಬೌಲ್ ಮಾಡಿದ ತೋಳಿಗೆ ಇದು ಬೇರೆಯದೇ ಕೆಲಸ. ಬೌಂಡರಿಯಿಂದ ಕೀಪರ್ ಕೈಗೆ ನೇರ ಎಸೆಯೋ ಒಬ್ಬ ಫೀಲ್ಡರ್ ಮಾತ್ರ 78 ಹೊಡೆದ. ರಿಂಕು, ದಿನೇಶ್ ಕೂಡ ಮೂಲತಃ ಜಾವೆಲಿನ್ ಎಸೆಯುತ್ತಿದ್ದವರು ಅನ್ನೋದು ಆಮೇಲೆ ಅರ್ಥವಾಯಿತು. ಮೂರನೇ ವಾರ ಆ ಫೀಲ್ಡರ್‌ನ ಮೊಣಕೈ ಊದಿತು. ನಿಲ್ಲಿಸಿದೆ, ಡಾಕ್ಟರ್ ಖರ್ಚು ನಾನೇ ಕೊಟ್ಟೆ.

2023ರಲ್ಲಿ ನಲವತ್ತೇಳು ಗೆದ್ದೆವು ಅಂತ ನೆನಪು. 2024ರಲ್ಲಿ ಐವತ್ತನಾಲ್ಕು, 2025ರಲ್ಲಿ ಅದಕ್ಕಿಂತ ಎರಡೋ ಮೂರೋ ಜಾಸ್ತಿ. ಒಪ್ಪಂದ ಮಾರಿದ ಐದು ಹುಡುಗರಿಂದ ಬಂದದ್ದು ತಲಾ ನಾಲ್ಕೈದು ಸಾವಿರ ಡಾಲರ್. ಸ್ಕೌಟಿಂಗ್ ಖರ್ಚು ಈಗ ವರ್ಷಕ್ಕೆ 18 ಸಾವಿರದ ಆಸುಪಾಸು. ಐವರಲ್ಲಿ ನಾಲ್ವರು ಪಿಚರ್‌ಗಳು, ಆ ನಾಲ್ವರನ್ನೂ ಮೊದಲು ನೋಡಿದ್ದು ಆ ಹಿರಿಯರೇ.

ಈ ಚಳಿಗಾಲದ ಕೆಲಸ ಕ್ಯಾಚರ್‌ಗಳದು, ಕ್ರಿಕೆಟ್‌ನ ಕೀಪರ್ ಇದ್ದ ಹಾಗೆ. 2026ರಿಂದ ಮೇಜರ್ ಲೀಗ್‌ನಲ್ಲಿ ಬಾಲ್-ಸ್ಟ್ರೈಕ್ ತೀರ್ಪನ್ನ (ಬಿಟ್ಟ ಚೆಂಡು ಸರಿಯಾದ ಜಾಗಕ್ಕೆ ಬಂದಿದ್ದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್) ಆಟಗಾರರು ಯಂತ್ರದ ಮುಂದೆ ಪ್ರಶ್ನಿಸಬಹುದು. ಗ್ಲೌಸ್ ನಾಜೂಕಾಗಿ ಎಳೆದು ಸ್ಟ್ರೈಕ್ ಗಿಟ್ಟಿಸೋ ಕ್ಯಾಚರ್‌ನ ಬೆಲೆ ಇಳಿಯುತ್ತೆ, ಕದ್ದು ಓಡೋರನ್ನ ತಡೆಯೋಕೆ ಎರಡನೇ ಬೇಸ್‌ಗೆ ಬಿಗಿಯಾಗಿ ಎಸೆಯೋನ ಬೆಲೆ ಏರುತ್ತೆ ಅನ್ನೋದು ನನ್ನ ಲೆಕ್ಕ. ಹಿರಿಯರಿಗೆ ಹೇಳಿದೆ. ಕ್ಯಾಚರ್‌ನ ತೋಳೂ ತೋಳೇ ತಾನೇ ಅಂದರು. ಫೆಬ್ರವರಿ ಟ್ರಯಲ್ಸ್‌ಗೆ ಹನ್ನೊಂದು ಹೆಸರು ಕಳಿಸಿದ್ದಾರೆ, ಒಂದರಲ್ಲೂ 50 ಇಲ್ಲ.