ಬಿಸಿನೀರಿನಂತೆ ಕಾಣುವ ಕೋಳಿ ಸಾರು

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿಗೆ ಬಂದ ಮೇಲೆ ನಾನು ಕಲಿತ ಅಡುಗೆಗಳಲ್ಲಿ ತುಂಬ ಇಷ್ಟವಾದದ್ದು 'ಕೈಶುಯಿ ಬೈತ್ಸೈ'. ಕೈಶುಯಿ ಅಂದರೆ ಕುದಿಸಿದ ನೀರು, ಬೈತ್ಸೈ ಅಂದರೆ ಚೀನೀ ಎಲೆಕೋಸು. ಬಟ್ಟಲು ನೋಡಿದರೂ ಹಾಗೇ, ಬಿಸಿನೀರಲ್ಲಿ ಸುಮ್ನೆ ಕೋಸು ಇಟ್ಟ ಹಾಗೆ. ಬಾಯಿಗಿಟ್ಟರೆ ಗಟ್ಟಿ ರುಚಿಯ ಕೋಳಿ ಸಾರು! ಸಿಚುವಾನ್ ಅಡುಗೆ ಅಂದರೆ ಬರೀ ಖಾರ ಅನ್ನುವವರಿಗೆ ನಾನು ಮೊದಲು ಬಡಿಸುವುದು ಇದನ್ನೇ.

ಕೈಶುಯಿ ಚೀನಾದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ರೈಲಿನ ಬೋಗಿಯಲ್ಲೂ ಅದಕ್ಕೊಂದು ನಲ್ಲಿ ಇರುತ್ತದೆ. ಊಟದ ಸಾರನ್ನು ಚೀನೀ ಭಾಷೆಯಲ್ಲಿ 'ಥಾಂಗ್' ಅನ್ನುತ್ತಾರೆ. ಹಳೆಯ ಚೀನೀ ಭಾಷೆಯಲ್ಲಿ ಥಾಂಗ್ ಅಂದರೂ ಬಿಸಿನೀರೇ. ಜಪಾನಿನಲ್ಲಿ ಥಾಂಗ್ ಬರೆಯುವ ಚೀನೀ ಅಕ್ಷರಕ್ಕೆ ಇಂದಿಗೂ ಅದೇ ಅರ್ಥ. ಅಲ್ಲಿ ಅದನ್ನು 'ಯು' ಎಂದು ಓದುತ್ತಾರೆ, ಬಿಸಿನೀರ ಸ್ನಾನದ ಮನೆಗಳ ಬಾಗಿಲ ಪರದೆ ಮೇಲೂ ಬರೆದಿರುತ್ತಾರೆ.

ನಾನು ಮಾಡುವುದು ಹೀಗೆ. ಬಲಿತ ಹೇಂಟೆ ಒಂದು, ಹಂದಿಯ ಪಕ್ಕೆಲುಬು ಸ್ವಲ್ಪ, ಉಪ್ಪು ಹಾಕಿ ಒಣಗಿಸಿದ ಹ್ಯಾಮ್ ಒಂದು ತುಂಡು. ಎಲ್ಲವನ್ನೂ ಒಮ್ಮೆ ಕುದಿಸಿ ಆ ನೀರು ಚೆಲ್ಲುತ್ತೇನೆ. ಆಮೇಲೆ ಹೊಸ ನೀರು, ಶುಂಠಿ, ಈರುಳ್ಳಿ ಹೂ ಹಾಕಿ ನಾಲ್ಕೈದು ಗಂಟೆ ಸಣ್ಣ ಉರಿಯಲ್ಲಿ ಬಿಡುತ್ತೇನೆ. ನೀರು ಕೊತಕೊತ ಕುದಿಯಲೇಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಜೋರಾಗಿ ಕುದಿದರೆ ಕೊಬ್ಬು ಒಡೆದು ನೀರಿನಲ್ಲಿ ಬೆರೆತು ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ಸೌಟು ಆಡಿಸುವುದೂ ಬೇಡ.

ಸೋಸಿ, ಮೇಲಿನ ಜಿಡ್ಡು ತೆಗೆದ ಮೇಲೆ ನನಗೆ ಅತಿ ಪ್ರೀತಿಯ ಕೆಲಸ ಬರುತ್ತದೆ. ಇದಕ್ಕೆ 'ಸಾವ್‌ಥಾಂಗ್' ಅನ್ನುತ್ತಾರೆ, ಸಾರನ್ನು ಗುಡಿಸುವುದು ಅಂತ. ಕೊಬ್ಬಿಲ್ಲದ ಹಂದಿ ಮಾಂಸವನ್ನು ನುಣ್ಣಗೆ ಖೀಮಾ ಮಾಡಿ ತಣ್ಣೀರಿನಲ್ಲಿ ತೆಳ್ಳಗೆ ಕದಡುತ್ತೇನೆ. ಅದನ್ನು ಬಿಸಿ ಸಾರಿಗೆ ಸುರಿದು ಒಂದೇ ದಿಕ್ಕಿಗೆ ತಿರುವಿ, ಉರಿ ತಗ್ಗಿಸುತ್ತೇನೆ. ಮಾಂಸದ ಪ್ರೋಟೀನ್ ಗಟ್ಟಿಯಾಗುವಾಗ ಸಾರಿನ ಸಣ್ಣ ಕಣಗಳೆಲ್ಲ ಅದಕ್ಕೆ ಅಂಟಿಕೊಂಡು ಮೇಲೆ ತೇಲುತ್ತವೆ. ಮೆಲ್ಲಗೆ ಎತ್ತಿ ತೆಗೆಯಬೇಕು. ಆಮೇಲೆ ಕೋಳಿ ಎದೆಭಾಗದ ಖೀಮಾ ಹಾಕಿ ಮತ್ತೆ ಹೀಗೇ, ತಳ ಕಾಣುವ ತನಕ. ಅವಸರ ಮಾಡಿದರೆ ಗಂಟುಗಳು ಒಡೆದು ಸಾರು ಮತ್ತೆ ಕದಡುತ್ತದೆ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಸೋಸಿ ಉಪ್ಪು ಹಾಕುತ್ತೇನೆ. ಸೋಯಾ ಸಾಸ್ ಹಾಕುವುದಿಲ್ಲ, ಬಣ್ಣ ಬರುತ್ತದೆ ಅಲ್ವಾ?

ಕೋಸಿನ ಒಳಗಿನ ಎಳೆಯ ಹಳದಿ ತಿರುಳು ಮಾತ್ರ ಸಾಕು. ಬೇರೆ ನೀರಿನಲ್ಲಿ ಬೇಯಿಸಿ, ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಬಟ್ಟಲಲ್ಲಿಡಿ. ಹಿಂಡದಿದ್ದರೆ ಅಷ್ಟು ಕಷ್ಟಪಟ್ಟು ಮಾಡಿದ ಸಾರಿಗೆ ಕೋಸಿನ ನೀರು ಸೇರುತ್ತದೆ. ಮೇಲೆ ಬಿಸಿ ಸಾರು ಸುರಿದು ಕೂಡಲೇ ಬಡಿಸಿ.

ಮಾಂಸ ತಿನ್ನದ ಗೆಳೆಯರಿಗೆ ಮೊಳಕೆ ಬಂದ ಸೋಯಾ ಕಾಳು ಮತ್ತು ಒಣ ಅಣಬೆ ಹಾಕಿ ಸಾರು ಕಾಯಿಸುತ್ತೇನೆ. ಚೀನಾದ ಬೌದ್ಧರ ಸಸ್ಯಾಹಾರಿ ಅಡುಗೆಯಲ್ಲಿ ಈ ಸಾರು ಬಳಸುತ್ತಾರೆ. ಬಣ್ಣ ಸ್ವಲ್ಪ ಜಾಸ್ತಿ, ಆದರೆ ಬಟ್ಟೆಯಲ್ಲಿ ಸೋಸಿದರೆ ಸಾಕು, ಖೀಮಾದ ಕೆಲಸವೇ ಇಲ್ಲ.