ಇಂಗ್ಲೆಂಡಿನ ಚಳಿಯಲ್ಲಿ ಪಾಮ್, ಬಾಳೆ ಉಳಿಸಿಕೊಳ್ಳುವುದು ಹೇಗೆ

ಮೊದಲು ತೆಂಗಿನ ಆಸೆ ಬಿಟ್ಟುಬಿಡಿ. ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಮೊಳಕೆ ಬಂದ ತೆಂಗಿನಕಾಯಿಯನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ನೋಡಿದ ತಕ್ಷಣ ನಮ್ಮವರು ಎತ್ತಿಕೊಂಡು ಬರುತ್ತಾರೆ. ಅದು ಮನೆಯೊಳಗೆ ಹೀಟರ್ ಪಕ್ಕದಲ್ಲಿದ್ದರೂ ಒಂದು ಚಳಿಗಾಲ ದಾಟುವುದು ಕಷ್ಟ, ಯಾಕೆಂದರೆ ಅದಕ್ಕೆ ಬೆಚ್ಚಗಿನ ಜಾಗದ ಜೊತೆ ಬಿಸಿಲೂ ಬೇಕು, ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಅಡಿಕೆಯದೂ ಇದೇ ಕಥೆ.

ಹಾಗಂತ ಹಿತ್ತಲಲ್ಲಿ ಬರೀ ಹುಲ್ಲು ಬೆಳೆಸಿಕೊಂಡು ಕೂರಬೇಕಿಲ್ಲ. ಸರಿಯಾದ ಜಾತಿ ಆರಿಸಿಕೊಂಡರೆ ಪಾಮ್, ಬಾಳೆ, ಕಾಬಾಳೆ, ಸುಗಂಧಿ ಎಲ್ಲವನ್ನೂ ಹೊರಗೇ ಬೆಳೆಸಬಹುದು. ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಇಲ್ಲಿ ಗಿಡ ಸಾಯುವುದು ಬರೀ ಚಳಿಗಲ್ಲ, ಚಳಿ ಮತ್ತು ನೀರು ಸೇರಿದಾಗ. ನವೆಂಬರಿನಿಂದ ಮಾರ್ಚ್‌ವರೆಗೆ ಜೇಡಿ ಮಣ್ಣು ಒಣಗುವುದೇ ಇಲ್ಲ. ಬೇರು ಕೊಳೆಯುತ್ತದೆ, ಸುಳಿಯೊಳಗೆ ನಿಂತ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಮುಂದೆ ಹೇಳುವುದೆಲ್ಲ ಬಹುಪಾಲು ಗಿಡವನ್ನು ಒಣಗಿಸಿ ಇಡುವ ಉಪಾಯವೇ.

ಪಾಮ್‌ನಲ್ಲಿ ಕಣ್ಣು ಮುಚ್ಚಿ ನಂಬಬಹುದಾದದ್ದು ಟ್ರಾಕಿಕಾರ್ಪಸ್ ಫಾರ್ಚುನೈ. ಅಂಗಡಿಯಲ್ಲಿ ಚೂಸಾನ್ ಪಾಮ್ ಅಂತ ಚೀಟಿ ಹಚ್ಚಿರುತ್ತಾರೆ. ಬೀಸಣಿಗೆಯಂಥ ಎಲೆ, ಕಾಂಡದ ಸುತ್ತ ಕಂದು ನಾರು. ಚೀನಾದ ಗಿಡ ಇದು. ರಾಬರ್ಟ್ ಫಾರ್ಚೂನ್ 1849ರಲ್ಲಿ ಅಲ್ಲಿಂದ ಇಂಗ್ಲೆಂಡಿಗೆ ಕಳಿಸಿದ. ಚೀನಾದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ ಆಸಾಮಿಯೂ ಇವನೇ. ಬೇರೂರಿದ ಮರ ಮೈನಸ್ 10 ಡಿಗ್ರಿಯನ್ನು ಸುಮ್ನೆ ತಡೆದುಕೊಳ್ಳುತ್ತದೆ. ಇದರ ನಂತರದ್ದು ಕಮೆರಾಪ್ಸ್ ಹ್ಯೂಮಿಲಿಸ್, ಮೆಡಿಟರೇನಿಯನ್ ಕಡೆಯ ಕುಳ್ಳ ಪಾಮ್, ಬಿಸಿಲು ಬೀಳುವ ಒಣ ಜಾಗ ಸಿಕ್ಕರೆ ಚೆನ್ನಾಗಿರುತ್ತದೆ. ನಮ್ಮ ಈಚಲಿನ ನೆಂಟ ಕ್ಯಾನರಿ ಪಾಮ್ ನೋಡೋಕೆ ಚೆಂದ, ಆದರೆ ಸಮುದ್ರ ತೀರ ಅಥವಾ ಲಂಡನ್ ನಗರದ ಒಳಗೆ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ನೆಡುವುದು ಮೇ ಕೊನೆಯಲ್ಲಿ ಅಥವಾ ಜೂನ್‌ನಲ್ಲಿ. ಸೆಪ್ಟೆಂಬರಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ತಂದು ನೆಟ್ಟರೆ ಅದು ಬೇರು ಬಿಡುವ ಮೊದಲೇ ಚಳಿ ಬಂದಿರುತ್ತದೆ. ಜೇಡಿ ಮಣ್ಣಾದರೆ ಗುಂಡಿಗೆ ಗೊಬ್ಬರ ತುಂಬಿ ನೆಡಬೇಡಿ, ಅದು ನೀರು ನಿಲ್ಲುವ ಬಾನಿಯಾಗುತ್ತದೆ. ಸಣ್ಣ ಜಲ್ಲಿ ಬೆರೆಸಿದ ಮಣ್ಣಿನಿಂದ ಒಂದು ಗೇಣು ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಇದ್ದರೆ ಅದರ ಹತ್ತಿರದ ಜಾಗವನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಹಗಲಿನ ಶಾಖವನ್ನು ಗೋಡೆ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಗಾಳಿಯಿಂದ ಚೂಸಾನ್ ಪಾಮ್ ಸಾಯುವುದಿಲ್ಲ, ಆದರೆ ಎಲೆಯ ತುದಿಗಳೆಲ್ಲ ಮುರಿದು ಜೋತುಬಿದ್ದು ವರ್ಷವಿಡೀ ಬಡಕಲಾಗಿ ಕಾಣುತ್ತದೆ.

ಇನ್ನು ಸುಳಿ. ಫೆಬ್ರವರಿ, ಮಾರ್ಚ್‌ನಲ್ಲಿ ನಡುವಿನ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿದ್ದರೆ ಚಿಂತೆ ಇಲ್ಲ. ಕೈಗೇ ಬಂದು, ಬುಡದಲ್ಲಿ ಕಂದಾಗಿ ಮೆತ್ತಗಾಗಿ ನಾರುತ್ತಿದ್ದರೆ ಸುಳಿ ಕೊಳೆ. ಊರಲ್ಲಾದರೆ ಅಡಿಕೆ ತೋಟದವರು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆದುಬಿಡುತ್ತಿದ್ದರು. ಇಲ್ಲಿ ಮನೆ ತೋಟಕ್ಕೆ ಅದು ಸಿಗುವುದಿಲ್ಲ. ಪಾಮ್ ಬೆಳೆಸುವವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಕೊಳೆತದ್ದನ್ನೆಲ್ಲ ತೆಗೆದು, ಔಷಧಿ ಅಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಆ ತೂತಿಗೆ ಸುರಿಯುತ್ತಾರೆ. ಬುಸ್ಸೆಂದು ನೊರೆ ಬರುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಸುರಿಯುತ್ತಾರೆ, ನೊರೆ ಕಮ್ಮಿಯಾಗುವವರೆಗೆ. ಆಮೇಲೆ ಮಳೆ ಬೀಳದಂತೆ ಮೇಲೊಂದು ಮುಚ್ಚಿಗೆ. ಹೊಸ ಸುಳಿ ಹೊರಬರಲು ತಿಂಗಳುಗಳೇ ಬೇಕಾಗಬಹುದು.

ಬಾಳೆ ವಿಷಯಕ್ಕೆ ಬರೋಣ, ಎಲ್ಲರಿಗೂ ಬೇಕಾಗಿರುವುದು ಅದೇ ಅಲ್ವಾ? ಇಲ್ಲಿಗೆ ಹೊಂದುವುದು ಮ್ಯೂಸಾ ಬಾಸ್ಜೂ. ಜಪಾನ್ ಬಾಳೆ ಅಂತಾರೆ, ಮೂಲ ದಕ್ಷಿಣ ಚೀನಾ. ಹಣ್ಣು ತಿನ್ನುವಂಥದ್ದಲ್ಲ, ಆ ಆಸೆ ಬೇಡ. ಎಲೆ ಮಾತ್ರ ಭರ್ಜರಿ. ಬೇಸಿಗೆಯಲ್ಲಿ ನೀರು, ಗೊಬ್ಬರ ಧಾರಾಳವಾಗಿ ಕೊಟ್ಟರೆ ಹೆಚ್ಚುಕಮ್ಮಿ ವಾರಕ್ಕೊಂದು ಎಲೆ ಬಿಡುತ್ತದೆ. ಗಣೇಶನ ಹಬ್ಬದ ಊಟಕ್ಕೆ ಹಿತ್ತಲಿನ ಎಲೆಯೇ ಸಾಕು. ಯುಗಾದಿಗೆ ಸಿಗುವುದಿಲ್ಲ, ಆಗ ಅದಿನ್ನೂ ಹೊದಿಕೆಯೊಳಗೆ ಇರುತ್ತದೆ. ನರ್ಸರಿಯಿಂದ ತಂದ ವರ್ಷ ಎಲೆ ಊಟಕ್ಕೆ ಬಳಸಬೇಡಿ, ಏನು ಹೊಡೆದಿರುತ್ತಾರೋ.

ಚಳಿಗೆ ಕಟ್ಟುವುದು ಹೀಗೆ. ಮೊದಲ ಫ್ರಾಸ್ಟ್ (ಹೆಪ್ಪುಗಟ್ಟಿದ ಇಬ್ಬನಿ) ಬಿದ್ದು ಎಲೆಗಳು ಕಪ್ಪಾಗುವವರೆಗೆ ಮುಟ್ಟಬೇಡಿ. ಆಮೇಲೆ ಎಲೆ ಎಲ್ಲ ಕತ್ತರಿಸಿ ಕಂಬವನ್ನು ಎದೆಮಟ್ಟಕ್ಕೆ ನಿಲ್ಲಿಸಿ. ಗರಗಸ ಆಡಿಸುವಾಗ ಹಳೆ ಬಟ್ಟೆ ಹಾಕಿಕೊಳ್ಳಿ, ಬಾಳೆ ರಸದ ಕಲೆ ಇಲ್ಲೂ ಹೋಗುವುದಿಲ್ಲ. ಸುತ್ತ ನಾಲ್ಕು ಬಿದಿರು ಕೋಲು ನೆಟ್ಟು, ಕೋಳಿ ಗೂಡಿಗೆ ಹಾಕುವ ತಂತಿ ಬಲೆ ಸುತ್ತಿ. ಕಂಬಕ್ಕೂ ಬಲೆಗೂ ಮಧ್ಯೆ ಒಂದು ಗೇಣು ಜಾಗ ಇರಲಿ, ಅಲ್ಲಿ ಒಣಹುಲ್ಲು ತುಂಬಿ. ಸಡಿಲವಾಗಿ ತುಂಬಿ, ಒತ್ತಿ ಗಿಡಿಯಬೇಡಿ, ಬೆಚ್ಚಗಿಡುವುದು ಹುಲ್ಲಿನ ಸಂದಿಯಲ್ಲಿರುವ ಗಾಳಿ. ಇದೆಲ್ಲಕ್ಕಿಂತ ಮುಖ್ಯ ಮೇಲಿನ ಮುಚ್ಚಳ. ಒಂದು ಹಳೆ ಬಕೆಟ್ ಬೋರಲು ಹಾಕಿ ಅಥವಾ ಹಲಗೆ ಇಟ್ಟು ಭಾರ ಹೇರಿ. ಮಳೆ ಒಳಗೆ ಇಳಿದರೆ ಹುಲ್ಲು ಕೊಳೆತು ಕಂಬವನ್ನೂ ಕೊಳೆಸುತ್ತದೆ. ಪಕ್ಕಗಳಿಗೆ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರುತ್ತದೆ. ತೋಟದ ಅಂಗಡಿಯಲ್ಲಿ ಫ್ಲೀಸ್ ಅಂತ ತೆಳ್ಳನೆ ಬಿಳಿ ಬಟ್ಟೆ ಸಿಗುತ್ತದೆ, ಅದನ್ನೇ ಸುತ್ತಿ, ಅದು ಉಸಿರಾಡುತ್ತದೆ.

ಇಷ್ಟು ತಾಪತ್ರಯ ಬೇಡ ಅನ್ನುವವರು ಕಂಬ ಬಿಟ್ಟುಕೊಟ್ಟು ಬುಡಕ್ಕೆ ಮಾತ್ರ ದಪ್ಪಗೆ ತರಗೆಲೆ, ಹುಲ್ಲು ಹೊದಿಸಬಹುದು. ಗೆಡ್ಡೆ ಬದುಕಿದರೆ ವಸಂತದಲ್ಲಿ ಹೊಸ ಮರಿಗಂದು ಬರುತ್ತದೆ. ಆದರೆ ಪ್ರತಿ ವರ್ಷ ನೆಲದಿಂದ ಶುರುವಾಗುವ ಬಾಳೆ ಆಳೆತ್ತರ ದಾಟುವುದು ನಿಧಾನ. ನನ್ನನ್ನು ಕೇಳಿದರೆ ಒಂದು ಮಧ್ಯಾಹ್ನ ಖರ್ಚು ಮಾಡಿ ಬಲೆ ಕಟ್ಟುವುದೇ ಲೇಸು.

ಕಾಬಾಳೆಗೆ ಸುಲಭ. ಎಲೆ ಕಪ್ಪಾದ ಮೇಲೆ ಗೆಡ್ಡೆ ಕಿತ್ತು, ಬಹುತೇಕ ಒಣಗಿದ ಕಾಂಪೋಸ್ಟ್‌ನಲ್ಲಿ ಹೂತು ಗ್ಯಾರೇಜಿನಲ್ಲಿ ಇಡಿ. ಸುಗಂಧಿಯ ಜಾತಿಯಲ್ಲಿ ಹಿಮಾಲಯದ ಕಡೆಯ ಹಳದಿ ಹೂವಿನದು, ಹೆಡಿಕಿಯಂ ಗಾರ್ಡ್ನೇರಿಯಾನಂ, ಲಂಡನ್ ಸುತ್ತ ಹೊದಿಕೆ ಹಾಕಿದರೆ ನೆಲದಲ್ಲೇ ಉಳಿಯುತ್ತದೆ. ಯಾವ ತಲೆನೋವೂ ಬೇಡ ಅನ್ನುವವರಿಗೆ ಫ್ಯಾಟ್ಸಿಯಾ ಜಪಾನಿಕಾ ಇದೆ. ಪಪ್ಪಾಯಿಯಂಥ ದೊಡ್ಡ ಎಲೆ, ನೆರಳಲ್ಲೂ ಬೆಳೆಯುತ್ತದೆ, ಹಿಮ ಬಿದ್ದರೂ ಹಸಿರು.

ಕುಂಡದ ಗಿಡಗಳಿಗೆ ಅಪಾಯ ಜಾಸ್ತಿ, ಬೇರಿಗೆ ಎಲ್ಲ ಕಡೆಯಿಂದ ಚಳಿ ತಾಗುತ್ತದೆ. ಕುಂಡದ ಕೆಳಗೆ ಇಟ್ಟಿಗೆ ಚೂರು ಇಟ್ಟು ನೀರು ಹರಿಯುವಂತೆ ಮಾಡಿ, ಸುತ್ತ ಬಬಲ್ ರ‍್ಯಾಪ್ ಕಟ್ಟಿ (ಕುಂಡಕ್ಕೆ ಮಾತ್ರ, ಗಿಡಕ್ಕಲ್ಲ), ಗೋಡೆ ಮಗ್ಗುಲಿಗೆ ಸರಿಸಿ. ತೀರಾ ಚಳಿಯ ರಾತ್ರಿಗಳಲ್ಲಿ ಕೆಲವರು ಪಾಮ್‌ಗೆ ಫ್ಲೀಸ್ ಒಳಗೆ ಕ್ರಿಸ್‌ಮಸ್ ದೀಪದ ಸರ ಸುತ್ತುತ್ತಾರೆ. ಹಳೆ ಕಾಲದ ಬಿಸಿಯಾಗುವ ಬಲ್ಬ್ ಆದರೆ ಉಪಯೋಗ, ಎಲ್‌ಇಡಿ ಆದರೆ ಬರೀ ಶೋಕಿ. ಹೊರಗೆ ಬಳಸುವಂಥ ಸರವೇ ಆಗಿರಲಿ.

ಕೆಲವು ವರ್ಷ ಏನೇ ಮಾಡಿದರೂ ಹೊಡೆತ ಬೀಳುತ್ತದೆ. 2010ರ ಡಿಸೆಂಬರ್ ಈ ದೇಶದಲ್ಲಿ ನೂರು ವರ್ಷಗಳಲ್ಲೇ ಚಳಿಯ ಡಿಸೆಂಬರ್ ಆಗಿತ್ತು, ಬೀದಿ ಬೀದಿಯಲ್ಲಿದ್ದ, ಪಾಮ್‌ನಂತೆ ಕಾಣುವ ಕಾರ್ಡಿಲೈನ್‌ಗಳು ಸುಟ್ಟುಹೋದವು. ಇಂಗ್ಲೆಂಡಿನ ನೈಋತ್ಯ ತುದಿಯಾಚೆಯ ಸಿಲಿ ದ್ವೀಪಗಳ ಟ್ರೆಸ್ಕೋ ತೋಟದಲ್ಲಿ ಹೊರಗಡೆಯೇ ಉಪೋಷ್ಣವಲಯದ ಗಿಡಗಳಿವೆ, 1987ರ ಜನವರಿಯ ಹಿಮಕ್ಕೆ ಅಲ್ಲಿಯವೇ ಬಹಳಷ್ಟು ಹೋದವು. ಹಾಗೆ ಆದಾಗ ಏಪ್ರಿಲ್‌ನಲ್ಲಿ ಸಿಟ್ಟಿಗೆದ್ದು ಗುದ್ದಲಿ ಹಿಡಿಯಬೇಡಿ. ಕಾರ್ಡಿಲೈನ್‌ನ ಮೆತ್ತಗಾದ ಕಾಂಡವನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ಬಿಡಿ, ಬುಡದಿಂದ ಚಿಗುರಬಹುದು. ಬಾಳೆಗೆ ಜೂನ್ ಕೊನೆಯವರೆಗೆ ಸಮಯ ಕೊಡಿ. ಪಾಮ್‌ಗೆ ಆ ಬೇಸಿಗೆ ಪೂರ್ತಿ ಕೊಡಿ. ಅದಕ್ಕೆ ಬೆಳೆಯುವ ತುದಿ ಒಂದೇ, ಅಕ್ಟೋಬರ್ ಆದರೂ ಅಲ್ಲಿ ಹಸಿರು ಕಾಣದಿದ್ದರೆ ಕಿತ್ತು ಹಾಕಿ.