ಆರ್ಮಿ ಟೀಮಿನ 2014ರ ಸೀಸನ್ ನಾನು ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ದು ಹೇಗೆ: ನನ್ನ ಅನುಭವ

ಅಮೆರಿಕ ಸೈನ್ಯದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಫುಟ್‌ಬಾಲ್ ಟೀಮಿಗೆ, ಅಂದ್ರೆ ಆರ್ಮಿಗೆ, ಜೆಫ್ ಮಾಂಕನ್ ಹೆಡ್ ಕೋಚ್ ಆಗಿ ಬಂದ ಮೊದಲ್ನೇ ಸೀಸನ್ 2014. ಆ ಸೀಸನ್ನಲ್ಲಿ ಆರ್ಮಿಯ ಒಂದೊಂದು ಪ್ಲೇನೂ (ಬಾಲ್ ಆಟಕ್ಕೆ ಬಂದಾಗಿಂದ ಆಟ ನಿಲ್ಲೋವರೆಗಿನ ಒಂದು ಸುತ್ತು) ನಾನು ಕೂತ್ಕೊಂಡು ಬರ್ಕೊಂಡೆ. ಇದು ನಮ್ಮೂರ ಕಾಲ್ಚೆಂಡು ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಆಡೋ ಅಮೆರಿಕನ್ ಫುಟ್‌ಬಾಲ್. ಐಟಿ ಕೆಲಸಕ್ಕೆ ಅಂತ ಹಡ್ಸನ್ ನದಿ ಕಡೆ ಬಂದ್ಮೇಲೆ ಮನೆ ಹತ್ರಾನೇ ಇರೋ ಆರ್ಮಿಯ ಮಿಚೀ ಸ್ಟೇಡಿಯಂಗೆ ಹೋಗೋ ಅಭ್ಯಾಸ ಆಯ್ತು, ಹೊರಗಡೆ ಮ್ಯಾಚ್ ಇದ್ರೆ ಟಿವಿಲಿ ರೆಕಾರ್ಡ್ ಮಾಡಿ ನೋಡ್ತಿದ್ದೆ.

ಅದರ ಹಿಂದಿನ ವರ್ಷ ಟೀಮ್ 3 ಗೆದ್ದು 9 ಸೋತಿತ್ತು. ಅದಕ್ಕಿಂತ ದೊಡ್ಡ ನೋವು ನೌಕಾಪಡೆ ಅಕಾಡೆಮಿಯ ಟೀಮ್ ನೇವಿ ಜೊತೆಗಿನ ಮ್ಯಾಚಿಂದು, 2002ರಿಂದ ಒಂದ್ಸಲಾನೂ ಗೆದ್ದಿರ್ಲಿಲ್ಲ. ಮಾಂಕನ್ ಬಂದಿದ್ದು ಜಾರ್ಜಿಯಾ ಸದರ್ನ್ ಯೂನಿವರ್ಸಿಟಿಯಿಂದ, ಅವರ ಆ ಟೀಮ್ 2013ರಲ್ಲಿ ಫ್ಲೋರಿಡಾದಂಥ ದೊಡ್ಡ ಟೀಮನ್ನ ಅವರ ಗ್ರೌಂಡಲ್ಲೇ 26-20ರಲ್ಲಿ ಸೋಲಿಸಿತ್ತು, ಅದೂ ಒಂದೇ ಒಂದು ಪಾಸ್ (ಮುಂದಕ್ಕೆ ಎಸೆಯೋ ಬಾಲ್) ಕೂಡ ಕಂಪ್ಲೀಟ್ ಮಾಡದೆ! ಅದನ್ನ ಓದಿದ್ಮೇಲೇ ನಂಗೆ ಈ ಆಟ ಹೇಗೆ ನಡೆಯತ್ತೆ ಅಂತ ಸರಿಯಾಗಿ ತಿಳ್ಕೋಬೇಕು ಅನ್ನಿಸಿದ್ದು.

ಆಗ ಅವರು ಆಡಿಸ್ತಿದ್ದದ್ದು ಟ್ರಿಪಲ್ ಆಪ್ಷನ್, ಅಂದ್ರೆ ಬಾಲ್ ಮೂವರಲ್ಲಿ ಯಾರು ಹಿಡ್ಕೊಂಡು ಓಡ್ಬೇಕು ಅಂತ ಪ್ಲೇ ನಡೀತಿರುವಾಗ್ಲೇ ತೀರ್ಮಾನಿಸೋ ಆಟ. ಹಿಂದಿನ ಕೋಚ್ ಆಡಿಸ್ತಿದ್ದದ್ದೂ ಆಪ್ಷನ್ನೇ, ಯಾಕಂದ್ರೆ ಅಕಾಡೆಮಿ ಹುಡುಗರು ಓದು ಮುಗಿಸಿ ಐದು ವರ್ಷ ಸೈನ್ಯದಲ್ಲಿ ಕೆಲಸ ಮಾಡ್ಬೇಕು, ತೂಕಕ್ಕೆ ಲಿಮಿಟ್ ಇರತ್ತೆ, ಹಾಗಾಗಿ ಬೇರೆ ಕಾಲೇಜುಗಳ ತರ ದೈತ್ಯ ಲೈನ್‌ಮನ್‌ಗಳು (ಮುಂದಿನ ಸಾಲಲ್ಲಿ ನಿಂತು ತಳ್ಳೋರು) ಸಿಗೋದು ಕಷ್ಟ. ಆಪ್ಷನ್‌ನಲ್ಲಿ ಎದುರಾಳಿಯ ಒಬ್ಬನನ್ನ ಬೇಕಂತಲೇ ಬ್ಲಾಕ್ ಮಾಡದೆ, ಅಂದ್ರೆ ತಡೆಯದೆ, ಬಿಡ್ತಾರೆ, ಬಾಲ್ ಕೈಯಲ್ಲಿಟ್ಕೊಂಡು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡ್ತಾ ಇರ್ತಾನೆ, ಕಬಡ್ಡಿಲಿ ರೈಡರ್ ಕಾರ್ನರ್‌ನವನ ಕಾಲು ನೋಡೋ ಹಾಗೆ. ಆ ಎದುರಾಳಿ ಒಳಗೆ ನುಗ್ಗಿದ್ರೆ ಬಾಲ್ ಕ್ವಾರ್ಟರ್‌ಬ್ಯಾಕ್ ತಾನೇ ಇಟ್ಕೊಂಡು ಹೊರಗೆ ಓಡೋದು, ಅವನು ಹೊರಗೇ ನಿಂತ್ರೆ ಮಧ್ಯದಲ್ಲಿ ಓಡೋ ಫುಲ್‌ಬ್ಯಾಕ್‌ಗೆ ಕೊಡೋದು, ತಾನು ಹೊರಗೆ ಓಡುವಾಗ ಇನ್ನೊಬ್ಬ ಎದುರಿಗೆ ಬಂದ್ರೆ ಪಕ್ಕದಲ್ಲಿ ಓಡ್ತಿರೋ ಸ್ಲಾಟ್‌ಬ್ಯಾಕ್‌ಗೆ ಪಿಚ್ ಮಾಡೋದು, ಅಂದ್ರೆ ಪಕ್ಕಕ್ಕೆ ಎಸೆಯೋದು.

ಹಾಗಾಗಿ ಬಾಲ್ ಹಿಂದೆ ಕಣ್ಣು ಓಡಿಸಿದ್ರೆ ಏನೂ ಗೊತ್ತಾಗಲ್ಲ. ನಾನು ಮಾಡಿದ್ದು ಇಷ್ಟು, ಪ್ರತಿ ಪ್ಲೇಗೆ ಒಂದು ಸಾಲು, ಅದ್ರಲ್ಲಿ ಎಷ್ಟನೇ ಡೌನ್ (ಹತ್ತು ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಅವಕಾಶಗಳಲ್ಲಿ ಎಷ್ಟನೇದು), ಎಷ್ಟು ಯಾರ್ಡ್ ಬೇಕು, ಬಿಟ್ಟಿದ್ದು ಯಾರನ್ನ, ಅವನು ಒಳಗೆ ಬಂದ್ನಾ ಹೊರಗೆ ನಿಂತ್ನಾ, ಬಾಲ್ ಮೂರರಲ್ಲಿ ಯಾರ ಕೈಗೆ ಹೋಯ್ತು, ಎಷ್ಟು ಯಾರ್ಡ್ ಬಂತು. ಸ್ಟೇಡಿಯಂನಲ್ಲಿ ಮೇಲಿನ ಸೀಟು ತಗೊಳ್ಳಿ, ಎರಡೂ ಕಡೆ ಲೈನ್ ಚೆನ್ನಾಗಿ ಕಾಣ್ಸತ್ತೆ. ಮೊದಲ್ನೇ ಡೌನಲ್ಲಿ ನಾಲ್ಕು ಯಾರ್ಡ್ ಬಂದ್ರೆ ಆ ಡ್ರೈವ್ (ಬಾಲ್ ತಮ್ಮ ಕೈಲಿರೋವರೆಗಿನ ಸರದಿ) ನಡೆಯತ್ತೆ, ಅಲ್ಲೇ ನಿಂತ್ರೆ ಮುಂದಿನ ಎರಡು ಪ್ಲೇನಲ್ಲಿ ಪಾಸ್‌ಗೆ ಹೋಗ್ಬೇಕಾಗತ್ತೆ, ಅದು ಈ ಟೀಮಿನ ಶಕ್ತಿ ಅಲ್ಲ. ಇದು ಕೆಲವೇ ಮ್ಯಾಚ್ ಬರೆದಾದ್ಮೇಲೆ ಕಣ್ಣಿಗೆ ಹೊಡೆದಂಗೆ ಕಾಣೋಕೆ ಶುರುವಾಯ್ತು.

ಮೊದಲ್ನೇ ಮ್ಯಾಚ್ ಬಫಲೋ ಮೇಲೆ 47-39 ಗೆದ್ರು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ 35-0 ಸೋತ್ರು. ಸೆಪ್ಟೆಂಬರ್ ಕೊನೆಗೆ ಯೇಲ್ ಹತ್ರ ಓವರ್‌ಟೈಮ್‌ನಲ್ಲಿ 49-43, ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಕೊಡದ ಐವಿ ಲೀಗ್ ಟೀಮಿಗೆ ಸೋತ್ರಲ್ಲ ಅಂತ ಎಲ್ರೂ ಬೈದ್ರು, ಹೊಸ ಕೋಚ್ ಬಂದು ಏನು ಬದಲಾಯ್ತು ಅಂತ ಕೇಳಿದ್ರು. ನನ್ನ ನೋಟ್‌ಬುಕ್ ನೋಡಿದ್ರೆ ಬೇರೇನೇ ಇತ್ತು, 43 ಪಾಯಿಂಟ್ ಹೊಡೆದ ಟೀಮಿಗೆ ಆಪ್ಷನ್ ಸಮಸ್ಯೆ ಅಲ್ಲ, ಯೇಲ್‌ನ ಟೈಲರ್ ವಾರ್ಗಾ ಒಬ್ಬನೇ ಐದು ಟಚ್‌ಡೌನ್ (ಬಾಲನ್ನ ಕೊನೇ ಗೆರೆ ದಾಟಿಸೋದು) ಹೊಡೆದ, ಅವನನ್ನ ಹಿಡಿದು ಕೆಡವೋರು ಇರ್ಲಿಲ್ಲ. ಬೈಯೋದಿದ್ರೆ ಡಿಫೆನ್ಸ್‌ಗೆ ಬೈಬೇಕಿತ್ತು.

ಫುಲ್‌ಬ್ಯಾಕ್ ಲ್ಯಾರಿ ಡಿಕ್ಸನ್ ಆ ವರ್ಷ ಸಾವಿರ ಯಾರ್ಡ್ ದಾಟಿದ, ಎಂಥಾ ಆಟಗಾರ ಅಂತೀರಾ, ಇಬ್ರು ಮೂವರು ನೇತಾಡ್ತಿದ್ರೂ ಕಾಲು ನಿಲ್ತಿರ್ಲಿಲ್ಲ. ನವೆಂಬರಲ್ಲಿ ಯಾಂಕಿ ಸ್ಟೇಡಿಯಂನಲ್ಲಿ ಕನೆಕ್ಟಿಕಟ್ ಮೇಲೆ 35-21 ಗೆದ್ದಿದ್ದು ಆ ಸೀಸನ್ನಿನ ಅತಿ ಚೆಂದದ ಮ್ಯಾಚ್ ಅಂತ ನನ್ನ ಅಭಿಪ್ರಾಯ.

ಆದ್ರೆ ಅಕಾಡೆಮಿಗೆ ಮುಖ್ಯ ಅಂದ್ರೆ ಎರಡೇ ಮ್ಯಾಚು, ಏರ್‌ಫೋರ್ಸ್ (ವಾಯುಪಡೆ ಅಕಾಡೆಮಿಯ ಟೀಮ್) ಮತ್ತೆ ನೇವಿ. ಏರ್‌ಫೋರ್ಸ್ ಹತ್ರ 23-6, ಡಿಸೆಂಬರಲ್ಲಿ ಬಾಲ್ಟಿಮೋರ್‌ನಲ್ಲಿ ನೇವಿ ಹತ್ರ 17-10, ಎರಡೂ ಸೋತ್ರು. ನೇವಿ ಮ್ಯಾಚ್‌ನ 10ರಲ್ಲಿ 7 ಬಂದಿದ್ದು ಎದುರಾಳಿಯ ಪಂಟ್ (ಬಾಲನ್ನ ದೂರಕ್ಕೆ ಒದ್ದು ಬಿಟ್ಟುಕೊಡೋದು) ಬ್ಲಾಕ್ ಮಾಡಿ ಓಡಿದ್ದಕ್ಕೆ, ಅಂದ್ರೆ ಆಪ್ಷನ್‌ನಿಂದ ಬಂದಿದ್ದು ಬರೀ ಮೂರು ಪಾಯಿಂಟಿನ ಒಂದು ಫೀಲ್ಡ್ ಗೋಲ್ (ಬಾಲನ್ನ ಕಂಬಗಳ ನಡುವೆ ಒದೆಯೋದು). ಬಫಲೋ ಮೇಲೆ 47 ಹೊಡೆದವರು ಇಲ್ಲಿ ಯಾಕೆ ಹೀಗೆ ಅಂತ ಹಳೇ ಪುಟಗಳನ್ನ ಪಕ್ಕದಲ್ಲಿ ಇಟ್ಕೊಂಡು ನೋಡ್ದೆ. ಬೇರೆ ಟೀಮ್‌ಗಳು ಆಪ್ಷನ್ ಎದುರಿಸೋಕೆ ಒಂದು ವಾರದಲ್ಲಿ ರೆಡಿಯಾಗ್ಬೇಕು, ಅಕಾಡೆಮಿ ಟೀಮ್‌ಗಳ ಡಿಫೆನ್ಸ್ ಅದನ್ನ ತಮ್ಮ ಪ್ರಾಕ್ಟೀಸ್‌ನಲ್ಲೇ ವರ್ಷಪೂರ್ತಿ ನೋಡ್ತಾ ಇರತ್ತೆ. ಬಿಟ್ಟಿರೋ ಆಟಗಾರ ತಕ್ಷಣ ಒಳಗೂ ನುಗ್ಗಲ್ಲ, ಹೊರಗೂ ಓಡಲ್ಲ, ಕ್ವಾರ್ಟರ್‌ಬ್ಯಾಕ್‌ನನ್ನ ಕಾಯಿಸ್ತಾ ನಿಲ್ತಾನೆ. ಆಗ ಉಳಿಯೋದು ಟ್ಯಾಕಲ್, ಬ್ಲಾಕ್, ಪಂಟು, ಇಷ್ಟೇ.

ಒಟ್ಟು 4 ಗೆದ್ದು 8 ಸೋತ ಸೀಸನ್ ಅದು, ಮುಂದಿನ ವರ್ಷ ಇನ್ನೂ ಕೆಟ್ಟದಾಗಿ 2-10, 2016ರಲ್ಲಿ ನೇವಿ ಮೇಲೆ 21-17 ಗೆದ್ರು. ನೀವೂ ಹೀಗೆ ಬರ್ಕೋಬೇಕು ಅಂದ್ರೆ ದಯವಿಟ್ಟು ನೇವಿ ಮ್ಯಾಚ್‌ನಿಂದ ಶುರು ಮಾಡ್ಬೇಡಿ, ಎರಡೂ ಕಡೆಯವರಿಗೆ ಎಲ್ಲಾ ಗೊತ್ತಿರೋದ್ರಿಂದ ಏನೂ ಬಿಡಿಸಿ ಕಾಣಲ್ಲ. ಆಪ್ಷನ್ ಅಪರೂಪಕ್ಕೆ ನೋಡೋ ಟೀಮ್ ಎದುರಿಗಿರೋ ಮ್ಯಾಚ್ ಆರಿಸ್ಕೊಳ್ಳಿ, ಮೊದಲ್ನೇ ಕ್ವಾರ್ಟರ್ ಪೂರ್ತಿ ಬಿಟ್ಟಿರೋ ಆ ಒಬ್ಬನನ್ನ ಮಾತ್ರ ನೋಡಿ, ಬಾಲ್ ಎಲ್ಲಿ ಹೋಯ್ತು ಅನ್ನೋದು ಆಮೇಲೆ ರೆಕಾರ್ಡಿಂಗ್‌ನಲ್ಲಿ ಸಿಗತ್ತೆ.